ಮೂಡಣಕ್ಕೆ ತಿರುಗಿ ನಿಂತವಳಿಗೆ

ಮಗಳೇ ದಿವ್ಯಾ,

ಮೂರು ದಿನವಾಯಿತು. ನೀನು ಬೀಸಿದ ಕವಣೆ ಕಲ್ಲು ನಿನ್ನ ತಾತ ದೊಡ್ಡತಿಮ್ಮಪ್ಪನವರ ತಲೆಗೆ ಬಡಿದು ಆರು ಹೊಲಿಗೆ ಬಿದ್ದವು ಎಂದು ಕೇಳಿದಾಗ ಪಾಠ ಅಲ್ಲಿಗೇ ನಿಲ್ಲಿಸಿ ಹೊರಗೆ ಬಂದೆ. ಆಮೇಲೆ ನಿಮ್ಮ ಪಕ್ಕದ ಹೊಲದ ಬರಗೇರಮ್ಮ ಹೀಗೆಂದರು. "ತಾತ ರಕ್ತ ಸುರಿಸ್ಕಂಡು ಕೂಗ್ತಾ ಐತೆ, ಆ ಹುಡ್ಗಿ ಬೆನ್ನು ತಿರುಗಿಸ್ಕಂಡು ಮಡ್ಲು ಒಡ್ಡಿ ನಿಂತೈತೆ! ಎಂಥಾ ಕಲ್ಲೆದೆ ಮಿಸ್ಸಮ್ಮಾ ಅದು!"

ಯಾ ಅಲ್ಲಾ! ನೀನು ಹಾಗೆ ಯಾಕೆ ನಿಂತೆ ಅನ್ನೋದು ಇಡೀ ಬಾಗೂರಿನಲ್ಲಿ ನನಗೊಬ್ಬಳಿಗೇ ಗೊತ್ತಿತ್ತು.

ಹಿಂದಿನ ದಿನ ತರಗತಿಯಲ್ಲಿ ಉಪಗ್ರಹ ಯಾಕೆ ಬೀಳುವುದಿಲ್ಲ ಎಂದು ಹೇಳುತ್ತ, ಗಿಳಿ ಓಡಿಸುವ ನಿನ್ನ ಕವಣೆಯನ್ನೇ ಉದಾಹರಣೆಗೆ ಎಳೆದು ತಂದಿದ್ದೆ. "ಎಸೆದ ಕಲ್ಲನ್ನ ಭೂಮಿ ಎಳೀತದೆ, ಬೀಳ್ತದೆ. ಇನ್ನೂ ಜೋರಾಗಿ ಎಸೆದ್ರೆ ಇನ್ನೂ ದೂರ ಹೋಗಿ ಬೀಳ್ತದೆ. ಭೂಮಿ ದುಂಡಗಿದೆಯಲ್ವಾ? ವೇಗ ಸಾಕಷ್ಟಿದ್ರೆ ಕಲ್ಲು ಬೀಳ್ತಾನೇ ಇರ್ತದೆ, ನೆಲ ಅಷ್ಟಷ್ಟೇ ಬಾಗ್ತಾ ಹೋಗ್ತದೆ, ಮುಟ್ಟೋದೇ ಇಲ್ಲ. ಸುತ್ತಿ ಬಂದು ನಿಮ್ಮ ಬೆನ್ನಿಗೇ ಬಡೀತದೆ, ಹುಷಾರ್!"

"ಎಷ್ಟು ಜೋರು ಮಿಸ್?" ಎಂದೆ ನೀನು. ಗಂಟೆ ಹೊಡೆದಿತ್ತು. "ನೀನು ಬೀಸ್ತೀಯಲ್ಲ, ಅದಕ್ಕಿಂತ ಒಂಚೂರು ಜಾಸ್ತಿ" ಎಂದು ನಕ್ಕು ಎದ್ದು ಹೋದೆ.

ಒಂಚೂರಂತೆ! ಸೆಕೆಂಡಿಗೆ ಎಂಟು ಕಿಲೋಮೀಟರ್ ಬೇಕು ಕಣೇ. ಎರಡು ಮೂರು ಎಣಿಸುವಷ್ಟರಲ್ಲಿ ಹೊಸದುರ್ಗ ಮುಟ್ಟಬೇಕು. ಅದೂ ಗಾಳಿಯೇ ಇಲ್ಲದ ಎತ್ತರದಲ್ಲಿ. ನನ್ನ ಬಾಯಿಗೆ ಬೆಂಕಿ ಬೀಳ. ನೀನು ನನ್ನನ್ನು ನಂಬಿ, ಪಡುವಣಕ್ಕೆ ಎಸೆದು, ಮೂಡಣಕ್ಕೆ ತಿರುಗಿ, ಕಲ್ಲು ಬರುತ್ತದೆಂದು ಮಡಿಲೊಡ್ಡಿ ಕಾದೆ. ಸೂರ್ಯಕಾಂತಿಯ ನಡುವೆ ತಾತ ಕೂಗಿದ್ದು ಗಿಳಿ ಓಡಿಸುವ ಕೂಗೆಂದುಕೊಂಡೆ. ಹೌದಲ್ಲವಾ?

ಅಂದಿನಿಂದ ನೀನು ಶಾಲೆಗೆ ಬಂದಿಲ್ಲ, ಯಾರ ಹತ್ತಿರವೂ ಬಾಯಿ ಬಿಟ್ಟಿಲ್ಲ. ಇವತ್ತು ನಿಮ್ಮನೆಗೆ ಬಂದಿದ್ದೆ. ನೀನು ಒಳಗೆ ಬಾಗಿಲು ಹಾಕಿಕೊಂಡಿದ್ದೆ. ತಾತ ಪಟ್ಟಿ ಕಟ್ಟಿದ ತಲೆ ಹಿಡಿದುಕೊಂಡು, "ಗಾಯ ವಾಸಿ ಆಗ್ತೈತೆ ಬಿಡ್ರಿ. ಮಗು ಯಾಕೆ ಬೆನ್ನು ತಿರುಗಿಸ್ತು ಅನ್ನೋದೇ ನಂಗೆ ನುಂಗಕ್ಕಾಗ್ತಿಲ್ಲ" ಎಂದರು. ನಾನು ತಡೆಯಲಾರದೆ ಅಳುತ್ತ ಎಲ್ಲ ಹೇಳಿದೆ. ತಪ್ಪು ನನ್ನದು ಎಂದೆ.

ಸೋಮವಾರ ಬಾ. ಎಲ್ಲರೆದುರು ನನ್ನ ತಪ್ಪು ನಾನೇ ಒಪ್ಪಿಕೊಳ್ಳುತ್ತೇನೆ. ಆದರೆ ಅದಕ್ಕೂ ಮೊದಲು ಬಾಗಿಲು ತೆಗೆದು ತಾತನ ಹತ್ತಿರ ಹೋಗು. ನನ್ನ ಮಾತು ಮುಗಿದ ಮೇಲೆ ಅವರು ಏನು ಹೇಳಿದರು ಗೊತ್ತಾ?

"ಅಯ್ಯೋ, ನಾನೇ ಅಡ್ಡ ನಿಂತ್ಬಿಟ್ನಲ್ರಿ. ಇಲ್ದಿದ್ರೆ ಕಲ್ಲು ಸುತ್ತಿ ಬರ್ತಿತ್ತೇನೋ."

ನಿನ್ನ ಕೈಗೂ ಪ್ರಶ್ನೆಗೂ ನನ್ನ ದುವಾ ಸದಾ ಇರಲಿ,
ನಿನ್ನ ಶಾಹಿಸ್ತಾ ಮಿಸ್