ಪಿನ್ ಹೊಡೆದ ಪುಟಗಳು

ಡೊಂಬಿವಲಿ ಪೂರ್ವ
೧೪ ಸೆಪ್ಟೆಂಬರ್ ೨೦೨೫, ಭಾನುವಾರ

ಪ್ರೀತಿಯ ಅಮ್ಮಾ,

ಅಜ್ಜಿಯ ಸೊಂಟದ ನೋವು ಹೇಗಿದೆ? ವಾಕರ್ ಹಿಡಿದು ಜಗಲಿಯವರೆಗೆ ಬಂದರೆಂದು ಅಪ್ಪ ಹೇಳಿದರು. ಅವರನ್ನು ಎತ್ತಿ ಕೂರಿಸುವಾಗ ನಿನ್ನ ಬೆನ್ನೂ ಜೋಪಾನ. ಇದನ್ನೆಲ್ಲ ಫೋನಿನಲ್ಲಿ ಕೇಳಬಹುದಿತ್ತು. ಆದರೆ ನೀನು ಅಜ್ಜಿಗೂ ಕೇಳಿಸಲೆಂದು ಸ್ಪೀಕರ್ ಹಾಕುತ್ತೀ, ಇಲ್ಲಿ ಒಂದೇ ಕೋಣೆಯಲ್ಲಿ ಅಕ್ಕನ ಕಿವಿ ನನ್ನ ಪಕ್ಕದಲ್ಲೇ ಇರುತ್ತದೆ. ಅದಕ್ಕೇ ಈ ಕಾಗದ.

ಅಕ್ಕ ದುಬೈಯ ನರ್ಸಿಂಗ್ ಲೈಸೆನ್ಸ್ ಪರೀಕ್ಷೆ ಪಾಸಾದದ್ದು ನಿನಗೆ ಗೊತ್ತೇ ಇದೆ. ಅಪ್ಪ ಕಲ್ಯಾಣದ ಹೋಟೆಲಿನಲ್ಲಿ ಗಲ್ಲಾಪೆಟ್ಟಿಗೆಯ ಮುಂದೆ ಕೂತು ಗಿರಾಕಿಗಳಿಗೆಲ್ಲ ಹೇಳಿದ್ದೇ ಹೇಳಿದ್ದು. ಕೆಳಮನೆಯ ಸ್ವರ್ಣಲತಾ ಆಂಟಿ ನನ್ನನ್ನು ಮೆಟ್ಟಿಲಲ್ಲೇ ಹಿಡಿದು, "ಅಪರ್ಣಾ ದುಬೈಗೆ ಹೊರಟ್ಲು, ನೀನು ಎಲ್ಲಿಗೆ ಮಾರಾಯ್ತಿ?" ಎಂದರು. "ರಬಾಳೆಯ ಫ್ಯಾಕ್ಟರಿಗೆ, ಏಳೂ ನಲವತ್ತರ ಗಾಡಿಗೆ" ಎಂದೆ. ಅವರು ನಕ್ಕರು. ನನಗೆ ನಗು ಬರಲಿಲ್ಲ. ಒಂಬತ್ತನೇ ಕ್ಲಾಸು ಬಿಟ್ಟ ಮೇಲೆ ಇದು ನನ್ನ ನಾಲ್ಕನೇ ಕೆಲಸ. ಅಕ್ಕ ರೋಗಿಗೆ ಔಷಧಿ ಕೊಡುತ್ತಾಳೆ, ನಾನು ಔಷಧಿ ಬಾಟಲಿಗೆ ಲೇಬಲ್ ಅಂಟಿಸುತ್ತೇನೆ. ನನಗೆ ಹೊಟ್ಟೆಕಿಚ್ಚು ಅಮ್ಮಾ. ಇದಕ್ಕೆ ಬೇರೆ ಚಂದದ ಹೆಸರು ಹುಡುಕಿದೆ, ಸಿಗಲಿಲ್ಲ.

ಈಗ ನಿನಗೆ ಗೊತ್ತಿಲ್ಲದ್ದು ಹೇಳುತ್ತೇನೆ. ನೀನು ಊರಿಗೆ ಹೋದ ಮೇಲೆ ಅಡುಗೆ ಅಕ್ಕನದೇ. ಸಂಜೆ ಡ್ಯೂಟಿಯಿಂದ ಬಂದು ಅವಳು ಹಿಟ್ಟು ನಾದುವಾಗ ನಾನು ಅಡುಗೆಕಟ್ಟೆಯ ಮೇಲೆ ಕೂತು ಪ್ರಶ್ನೆ ಪುಸ್ತಕ ಓದಬೇಕಿತ್ತು. ಒಂದು ಪ್ರಶ್ನೆ, ನಾಲ್ಕು ಉತ್ತರ. ಕೈಯೆಲ್ಲ ಹಿಟ್ಟಾಗಿದ್ದರೂ ಅವಳು ಬೆರಳೆತ್ತಿ ಎರಡೋ ಮೂರೋ ಎಂದು ತೋರಿಸುತ್ತಿದ್ದಳು. ಇಂಗ್ಲಿಷು ನನಗೆ ಅರ್ಧಂಬರ್ಧ. ಆದರೂ ತಿಂಗಳಾಗುವಷ್ಟರಲ್ಲಿ ಅವಳ ಬೆರಳು ಏಳುವ ಮೊದಲೇ ಉತ್ತರ ನನ್ನ ನಾಲಿಗೆಗೆ ಬರುತ್ತಿತ್ತು. ಬಂದರೇನು? ಪರೀಕ್ಷೆ ಬರೆಯುವವಳು ಅವಳು. ಅದೇ ಉರಿ.

ಪುಸ್ತಕದ ಕೊನೆಯಲ್ಲಿ ಹನ್ನೆರಡು ಪುಟ ಬರೀ ಲೆಕ್ಕ. ಸಲೈನ್ ನಿಮಿಷಕ್ಕೆ ಎಷ್ಟು ಹನಿ ಬೀಳಬೇಕು, ಮಗುವಿನ ತೂಕಕ್ಕೆ ಔಷಧಿ ಎಷ್ಟು, ಇಂಥವು. ಅಕ್ಕನಿಗೆ ಲೆಕ್ಕ ಎಂದರೆ ಚಿಕ್ಕಂದಿನಿಂದ ಭಯ. ಶಾಲೆಯಲ್ಲಿ ನಾನು ಅವಳಿಗಿಂತ ಮುಂದಿದ್ದದ್ದು ಅದೊಂದರಲ್ಲೇ. ಜುಲೈ ಮೊದಲ ವಾರ ಆ ಪುಟಗಳ ಅಂಚಿಗೆ ನಾನು ಸ್ಟೇಪ್ಲರ್ ಪಿನ್ ಹೊಡೆದೆ. "ಮುಂದೇನೂ ಇಲ್ಲ, ಮುಗೀತು" ಎಂದು ಮತ್ತೆ ಮೊದಲಿನಿಂದ ಓದತೊಡಗಿದೆ. ಅವಳು ಫೇಲಾಗಲೆಂದೇ ಮಾಡಿದೆ. ಬೆಳಿಗ್ಗೆ ಆ ಪುಸ್ತಕ ಅವಳ ಬ್ಯಾಗಿನಲ್ಲಿ ಥಾಣೆಯ ಆಸ್ಪತ್ರೆಗೆ ಹೋಗುತ್ತಿತ್ತು, ನಿಜ. ಆದರೆ ಆ ಲೋಕಲ್ ರೈಲಿನ ನೂಕಾಟದಲ್ಲಿ ಯಾರು ಪುಸ್ತಕ ತೆರೆಯುತ್ತಾರೆ ಎಂದುಕೊಂಡಿದ್ದೆ.

ಪರೀಕ್ಷೆ ಮುಗಿಸಿ ಮಹಾಪೆಯ ಸೆಂಟರಿನಿಂದ ಹೊರಗೆ ಬಂದವಳೇ ಅಕ್ಕ, "ಲೆಕ್ಕ ತುಂಬ ಬಂದಿತ್ತು" ಎಂದಳು. ಹಾಗಾದರೆ ಹೋಯಿತು ಎಂದು ನನಗೆ ಖುಷಿಯೇ ಆಯಿತು. ಮರುಕ್ಷಣ, ಪಾಸಾಗಲಿ ದೇವರೇ ಎಂದೂ ಬೇಡಿಕೊಂಡೆ. ಎರಡೂ ನಿಜ. ನಾಲ್ಕನೇ ದಿನ ಫಲಿತಾಂಶ ಬಂತು, ಪಾಸು.

ಮೊನ್ನೆ ಅವಳು ಪುಸ್ತಕವನ್ನು ರದ್ದಿಗೆ ಹಾಕಲು ನನಗೆ ಕೊಟ್ಟಳು. ಪಿನ್ ಹಾಗೇ ಇತ್ತು. ಕಿತ್ತು ನೋಡಿದೆ. ಒಳಗೆ ಹನ್ನೆರಡೂ ಪುಟದ ಲೆಕ್ಕ ಪೆನ್ಸಿಲಿನಲ್ಲಿ ಮಾಡಿದ್ದಳು, ರೈಲಿನ ಅಲುಗಾಟಕ್ಕೆ ಅಂಕೆಗಳೆಲ್ಲ ಸೊಟ್ಟ. ಕೆಳಗೆ ಜುಲೈ ತಿಂಗಳದ್ದೇ ತಾರೀಕು. ಬಿಚ್ಚಿ, ಮಾಡಿ, ನನಗೆ ತಿಳಿಯದಂತೆ ಅದೇ ಜಾಗದಲ್ಲಿ ಮತ್ತೆ ಪಿನ್ ಹೊಡೆದಿದ್ದಾಳೆ. ಎರಡು ತಿಂಗಳು ನನಗೆ ಬಿಸಿ ಚಪಾತಿ ಹಾಕಿದ್ದಾಳೆ!

ಯಾಕೆ ಹೇಳಲಿಲ್ಲವೆಂದು ಜಗಳಕ್ಕೇ ನಿಂತೆ. "ಹೇಳಿದ್ರೆ ನೀನು ಓದುದು ನಿಲ್ಲಿಸ್ತಿದ್ದಿ. ಚಪಾತಿ ಮಾಡ್ಲಿಕ್ಕಂತೂ ನಿಂಗೆ ಬರುದಿಲ್ಲ, ಓದ್ಲಿಕ್ಕಾದ್ರೂ ಬರ್ತದಲ್ಲ" ಎಂದಳು. ಅಮ್ಮಾ, ದುಬೈ ಹೋಗಲಿ, ಲೈಸೆನ್ಸ್ ಹೋಗಲಿ. ಇಷ್ಟು ದೊಡ್ಡ ಮನಸ್ಸನ್ನೂ ಅವಳೊಬ್ಬಳಿಗೇ ಯಾಕೆ ಕೊಟ್ಟೆ? ನನಗೆ ಈಗ ಹೊಟ್ಟೆಕಿಚ್ಚು ಅದಕ್ಕೆ.

ಇದನ್ನು ಅಜ್ಜಿಗೆ ಓದಿ ಹೇಳಬೇಡ. ಅವರಿಗೆ ನನ್ನ ನಮಸ್ಕಾರ ಮಾತ್ರ ಹೇಳು. ಬೈಯುವುದಿದ್ದರೆ ನೀನೂ ಕಾಗದದಲ್ಲೇ ಬೈ.

ನಿನ್ನ ಕಿರಿಮಗಳು,
ನಿಶಾ

ತಾ.ಕ. (ಸೋಮವಾರ ಬೆಳಿಗ್ಗೆ): ಗಾಡಿಗೆ ಹೊತ್ತಾಯಿತು. ಕಪಾಟಿನ ಲಾಕರಿನ ಕೀ ನಿನ್ನ ಹತ್ತಿರ ಉಳಿದಿದೆ, ರಿಜಿಸ್ಟರ್ ಪೋಸ್ಟಿನಲ್ಲಿ ಬೇಗ ಕಳಿಸು. ನನ್ನ ಶಾಲೆ ಬಿಟ್ಟ ಸರ್ಟಿಫಿಕೇಟ್ ಬೇಕು. ಹರಿದು ಹಾಕು ಎಂದು ಅವತ್ತು ಕಿರುಚಿದ್ದೆ, ನೀನು ಹರಿದಿರುವುದಿಲ್ಲ. ಶಾಲೆಗೆ ಹೋಗದೆ ಹತ್ತನೇ ಕ್ಲಾಸು ಬರೆಯುವವರಿಗೆ ಇಲ್ಲಿ ಹದಿನೇಳು ನಂಬರ್ ಫಾರ್ಮ್ ಇದೆ, ಈ ತಿಂಗಳೊಳಗೆ ತುಂಬಬೇಕು. ಅಕ್ಕನಿಗೆ ಮಾತ್ರ ಈಗಲೇ ಹೇಳಬೇಡ. ತಾನೇ ಕೂತು ಓದಿಸುತ್ತೇನೆ ಎನ್ನುತ್ತಾಳೆ, ಒಂದು ಪುಟವನ್ನೂ ಬಿಡುವುದಿಲ್ಲ.