ಉದ್ದ ಲೆನ್ಸಿನವನು

ಮಾರ್ಚ್ ೩, ಸಂಜೆ
ಕನ್ನಡಕದ ಅಂಗಡಿಯ ಕೆಲಸ ಮುಗಿಸಿ ಬಂದು ಕ್ಯಾಮೆರಾ ಒರೆಸುತ್ತಿದ್ದೆ. ಅಕ್ಕ, ಭಾವ ಬಂದರು. ಭಾವ ಮದುವೆ ಫೋಟೋ ಸ್ಟುಡಿಯೋದವರು. ನನ್ನದನ್ನು ಎರಡು ಬೆರಳಲ್ಲಿ ಎತ್ತಿ, “ಏನೋ ಹವ್ಯಾಸಿ, ಈ ಸೋಪಿನ ಡಬ್ಬಿಗೆ ದಿನಾ ಸ್ನಾನ ಮಾಡಿಸ್ತೀಯಾ?” ಅಕ್ಕ ಬಿದ್ದು ಬಿದ್ದು ನಕ್ಕಳು. ನಾನೂ ನಕ್ಕೆ. ಕ್ಯಾಮೆರಾ ಕಿತ್ತುಕೊಂಡು ಚೀಲಕ್ಕೆ ಹಾಕಿದೆ.

ಮಾರ್ಚ್ ೫
ಅಣ್ಣ ಕೆಲಸ ಮಾಡುವ ಗಿರಣಿಯ ಗೇಟು. ಕಾರ್ಮಿಕರ ಮುಷ್ಕರ. ಪತ್ರಿಕೆಯ ಫೋಟೋಗ್ರಾಫರ್ ಎದುರಿನ ಬಾಲ್ಕನಿಯಲ್ಲಿ, ಮೊಳದುದ್ದ ಲೆನ್ಸ್ ಚಾಚಿಕೊಂಡು. ನಾನು ಗುಂಪಿನೊಳಗೆ. ಗಿರಣಿಯ ಕಾವಲುಗಾರ ರಾಡ್ ಎತ್ತಿದ. ಅಣ್ಣ ಎಡಗೈ ಅಡ್ಡ ಹಿಡಿದ. ಮೂಳೆ ಮುರಿದ ಸದ್ದು ಕೇಳಿಸಿತು... ಹಸಿ ಕಟ್ಟಿಗೆ ಮುರಿದಂತೆ. ಮುಂದಿನ ಏಟು ತಲೆಗೆ. ಗುಂಡಿ ಒತ್ತಿದೆ. ಲೆನ್ಸಿನ ಮೇಲೆ ಅಣ್ಣನ ರಕ್ತ.

ಮಾರ್ಚ್ ೬
ಪತ್ರಿಕೆಯಲ್ಲಿ ಬಾಲ್ಕನಿಯಿಂದ ತೆಗೆದ ಫೋಟೋ — ಕಾವಲುಗಾರನ ಬೆನ್ನು, ಅಣ್ಣನ ಎತ್ತಿದ ಕೈ. ರಾಡ್ ಕಾಣುವುದೇ ಇಲ್ಲ. ‘ಕಾವಲುಗಾರನ ಮೇಲೆ ಹಲ್ಲೆ’. ಪೊಲೀಸರು ಅಣ್ಣನನ್ನು ಆಸ್ಪತ್ರೆಯ ಮಂಚಕ್ಕೇ ಬೇಡಿ ಹಾಕಿ ಕೂರಿಸಿದ್ದಾರೆ.
ನಾನು ತೆಗೆದ, ರಾಡ್ ಕಾಣುವ ಫೋಟೋ ಹಿಡಿದು ಪತ್ರಿಕೆ ಕಚೇರಿಗೆ ಓಡಿದೆ. ಸಂಪಾದಕ ಫೋಟೋ ಮುಟ್ಟಲಿಲ್ಲ; ಕ್ಯಾಮೆರಾ ನೋಡಿದ. “ಇದ್ರಲ್ಲಾ? ಹೋಗಪ್ಪಾ, ಮನೇಲಿ ಬೆಕ್ಕಿನ ಮರಿ ಇದ್ರೆ ತೆಗಿ.”

ಮಾರ್ಚ್ ೮
ಭಾವನ ದೊಡ್ಡ ಕ್ಯಾಮೆರಾ ಕೇಳಿದೆ. ಮರುಮಾತಾಡದೆ ತಾವೇ ನನ್ನ ಕೊರಳಿಗೆ ಹಾಕಿದರು. ಅದೇ ಸಂಪಾದಕ — ಅವನಿಗೆ ನನ್ನ ಗುರುತೇ ಹತ್ತಲಿಲ್ಲ, ಎದ್ದು ಕುರ್ಚಿ ಕೊಟ್ಟ. ಅದೇ ಫೋಟೋ ಕೊಟ್ಟೆ. “ಆಹಾ, ಏನ್ ಕ್ಲಿಯರ್ ಸಾರ್! ಲೆನ್ಸ್ ಅಂದ್ರೆ ಲೆನ್ಸು!” ನಾಳೆ ಮೊದಲ ಪುಟದಲ್ಲಂತೆ.
ಗೇಟಿಗೆ ಹೋಗಿ ಅಣ್ಣನ ಗೆಳೆಯರಿಗೂ ಸುದ್ದಿ ಮುಟ್ಟಿಸಬೇಕು.

ಮಾರ್ಚ್ ೧೫
ಎಡಗೈ ಬರಹ. ಕೋಳಿ ಕೆದರಿದಂತಿದೆ.
ಅವತ್ತು ಗೇಟಿನಲ್ಲಿ ಬಾಯಿ ತೆರೆಯುವ ಮೊದಲೇ ಕೂಗು: “ಬಾಲ್ಕನಿ ನನ್ಮಗ ಬಂದ!” ಕ್ಯಾಮೆರಾದ ಪಟ್ಟಿಯಿಂದಲೇ ಕತ್ತು ಬಿಗಿದು ಕೆಡವಿದರು. “ನಾನವನಲ್ಲ...” “ಇಷ್ಟು ದೊಡ್ಡ ಕ್ಯಾಮೆರಾ ಇನ್ಯಾರ ಹತ್ರ ಇರುತ್ತೋ?” ಬಲಗೈಯನ್ನು ಕಲ್ಲುಚಪ್ಪಡಿಗೆ ಒತ್ತಿ ಹಿಡಿದರು. ಮೀಸೆಯವನೊಬ್ಬ ಕಲ್ಲೆತ್ತಿ ಜಜ್ಜಿದ. ಒಂದೊಂದೇ ಬೆರಳು.
ಫೋಟೋ ಅಚ್ಚಾಯಿತು. ಅಣ್ಣನ ಬೇಡಿ ಬಿಚ್ಚಿದರು. ಈಗ ಆಸ್ಪತ್ರೆಯಲ್ಲಿ ನನ್ನ ಪಕ್ಕದ ಮಂಚದಲ್ಲೇ ಇದ್ದಾನೆ. “ಯಾರೋ ಹೊಡ್ದಿದ್ದು? ಮುಖ ಹೇಳು ಸಾಕು, ಜೀವ ತೆಗೀತೀನಿ.” ನೋಡಲಿಲ್ಲ ಎಂದೆ.

ಮಾರ್ಚ್ ೧೬, ಮಧ್ಯಾಹ್ನ
ಅಣ್ಣನನ್ನು ನೋಡಲು ಗೆಳೆಯನೊಬ್ಬ ಬಂದಿದ್ದಾನೆ. ಮೀಸೆಯವನು. ಅವನೇ. ನನ್ನ ಗುರುತಿಲ್ಲ ಅವನಿಗೆ. ಅವತ್ತು ನೋಡಿದ್ದು ಕ್ಯಾಮೆರಾ ಒಂದನ್ನೇ. ಅಣ್ಣನ ಮಂಚದ ಮೇಲೆ ಕೂತು ಕಿತ್ತಳೆ ಸುಲಿದು ಕೊಡುತ್ತಿದ್ದಾನೆ. “ನಿನ್ನ ಸಿಕ್ಕಿಸಿ ಹಾಕಿದ ಫೋಟೋದವನು ಸಿಕ್ಕಿದ್ದ ಕಣಣ್ಣಾ. ನಾನೇ ಬೆರಳು ಪುಡಿ ಮಾಡ್ದೆ. ಇನ್ನು ಈ ಜನ್ಮದಲ್ಲಿ ಗುಂಡಿ ಒತ್ತಲ್ಲ ಬಿಡು.”
ಅಣ್ಣ ಅಗಿಯುವುದು ನಿಲ್ಲಿಸಿದ. ನನ್ನ ಬ್ಯಾಂಡೇಜ್ ನೋಡುತ್ತಿದ್ದಾನೆ. ಇಲ್ಲ ಎಂದು ತಲೆಯಾಡಿಸಿದೆ. ಬಲಗೈಯಲ್ಲಿ ಗ್ಲೂಕೋಸಿನ ಕಬ್ಬಿಣದ ಕಂಬ ಎತ್ತಿಕೊಂಡು ಮಂಚದಿಂದ ಇಳಿಯುತ್ತಿದ್ದಾನೆ — ಅಣ್ಣಾ, ಬೇಡ, ಬೇ—