ನನ್ನ ಗಂಡ ನಕ್ಕದ್ದು ತಮ್ಮನ್ನು ನೋಡಿ ಅಲ್ಲ

ನ್ಯಾಯಪೀಠದಲ್ಲಿ ಕುಳಿತ ದಂಡಾಧಿಕಾರಿಗಳಾದ ಮಾನ್ಯರೇ,

ತಾವು ಜಾಮೀನು ನಿರಾಕರಿಸಿ ಸಬ್‌ಜೈಲಿಗೆ ಕಳಿಸಿದ ಮಾಳಿಂಗಪ್ಪನವರು ನನ್ನ ಗಂಡ. ಸಾವಿನ ಮನೆಯಲ್ಲಿ ನಕ್ಕರು, ಕೇಳಬಂದವರ ಕೈ ಮುರಿದರು, ಕಡೆಗೆ ತಮ್ಮ ಎದುರಿಗೇ ನಕ್ಕು ನ್ಯಾಯಾಲಯಕ್ಕೆ ಅಗೌರವ ತೋರಿದರು ಎಂಬುದು ಅವರ ಮೇಲಿನ ಆರೋಪ. ಅವರು ನಕ್ಕದ್ದು ನಿಜ. ಅವರಿಗೆ ನಗಬೇಕೆನಿಸಿತ್ತು ಎಂಬುದು ಸುಳ್ಳು. ಸೋಮವಾರ ತೀರ್ಪು ಕೊಡುವ ಮೊದಲು ಈ ವ್ಯತ್ಯಾಸವನ್ನು ತಮ್ಮ ಕಿವಿಗೆ ಹಾಕಲು ನನಗೆ ಬೇರೆ ದಾರಿ ಉಳಿದಿಲ್ಲ. ಆದ್ದರಿಂದ ಪತ್ರಿಕೆಯವರನ್ನು ಬೇಡಿಕೊಂಡು ಊರೆಲ್ಲ ಓದುವಂತೆ ಬರೆಯುತ್ತಿದ್ದೇನೆ.

ನಾನು ಹರಿಹರದ ಪ್ರಾಥಮಿಕ ಶಾಲೆಯಲ್ಲಿ ಉಪಾಧ್ಯಾಯಿನಿ. ನಮ್ಮ ಯಜಮಾನರು ದಿನವೂ ರೈಲಿನಲ್ಲಿ ದಾವಣಗೆರೆಗೆ ಹೋಗಿ ಒಂದು ಬಟ್ಟೆ ಗಿರಣಿಯಲ್ಲಿ ಮಗ್ಗ ನಡೆಸುತ್ತಿದ್ದರು. ಹೋದ ವರ್ಷ, ೧೯೬೩ರಲ್ಲಿ, ಪಕ್ಕದ ಮಗ್ಗದಿಂದ ಲಾಳಿ ಸಿಡಿದು ಅವರ ಹಣೆಯ ಪಕ್ಕಕ್ಕೆ ಹೊಡೆಯಿತು. ಗಾಯ ಮಾಯಿತು. ಗಿರಣಿಯ ವೈದ್ಯರು ಗಾಯದ ಮೇಲಿನ ಚರ್ಮವನ್ನು ನೋಡಿ ‘ಕೆಲಸಕ್ಕೆ ಯೋಗ್ಯ’ ಎಂದರು. ಚರ್ಮದ ಕೆಳಗೆ ಮೆದುಳು ಎಂಬ ವಸ್ತುವೊಂದಿದೆ ಎಂಬುದನ್ನು ಅವರು ಮರೆತಿದ್ದರೆ ಅದು ಅವರ ತಪ್ಪಲ್ಲ, ಸಾಲಿನಲ್ಲಿ ಇನ್ನೂ ಬಹಳ ಜನ ನಿಂತಿದ್ದರು.

ಆಮೇಲೆ ಮನೆಯಲ್ಲಿ ನಗೆ ಶುರುವಾಯಿತು. ನಮ್ಮ ಅತ್ತೆ ತೀರಿಕೊಂಡ ದಿನ ಹೆತ್ತ ಮಗನಾದ ಯಜಮಾನರು ಬಿದ್ದು ಬಿದ್ದು ನಕ್ಕರು. ಕಣ್ಣಿನಿಂದ ನೀರು ಹರಿಯುತ್ತಿತ್ತು, ಬಾಯಿಂದ ನಗೆ ಹೊರಡುತ್ತಿತ್ತು. ಬಂಧುಗಳು ಉಗಿದು ಹೋದರು. ನಾನೇ ಒಂದು ಸಲ ಅವರ ಬಾಯಿಗೆ ಟವೆಲ್ ಒತ್ತಿ ಹಿಡಿದಿದ್ದೆ. ಆಗ ಅವರು ನನ್ನ ಕೈಯನ್ನು ಇನ್ನೂ ಬಿಗಿಯಾಗಿ ತಮ್ಮ ಬಾಯಿಗೆ ಒತ್ತಿಕೊಂಡರು. ನಗೆ ಬೇಕಾಗಿದ್ದವರು ಹಾಗೆ ಮಾಡುತ್ತಾರೆಯೇ, ಸ್ವಾಮಿ?

ಆ ಹೊತ್ತಿಗೆ ಮನಶ್ಶಾಸ್ತ್ರದಲ್ಲಿ ಸಂಶೋಧನೆ ಮಾಡುತ್ತಿದ್ದ ನಾಗರತ್ನಮ್ಮನವರು ದಾವಣಗೆರೆಗೆ ಬಂದರು. ತಲೆಗೆ ಪೆಟ್ಟು ಬಿದ್ದ ಕಾರ್ಮಿಕರ ಸಿಟ್ಟು, ಅಳು, ನಡವಳಿಕೆ ಹೇಗೆ ಬದಲಾಗುತ್ತದೆ ಎಂಬುದೇ ಅವರ ಅಧ್ಯಯನ. ನಮ್ಮಿಬ್ಬರನ್ನೂ ಬೆಂಗಳೂರಿನ ಆಸ್ಪತ್ರೆಗೆ ಕರೆಸಿಕೊಂಡು ಯಜಮಾನರ ತಲೆಗೆ ತಂತಿಗಳನ್ನು ಅಂಟಿಸಿದರು. ಮೆದುಳಿನ ವಿದ್ಯುತ್ತಿನ ಅಲೆಗಳನ್ನು ಯಂತ್ರ ಕಾಗದದ ಮೇಲೆ ಗೀಚಿತು. ಪೆಟ್ಟು ಬಿದ್ದ ಕಡೆಯ ಗೆರೆಗಳು ಬೇರೆಯಾಗಿಯೇ ಇದ್ದವು. ನಡುವೆ ಅವರು ತೀರಿಹೋದ ನಮ್ಮ ಅತ್ತೆಯ ಮಾತು ಎತ್ತಿದರು. ಯಜಮಾನರು ನಕ್ಕರು. ನಾಗರತ್ನಮ್ಮನವರು ಗದರಿಸದೆ, ನಗೆ ತಾನಾಗಿ ಇಳಿಯುವವರೆಗೆ ಕಾದು, ಆಮೇಲೆ ಕೇಳಿದರು: “ಈಗ ನಿಮಗೆ ಏನನ್ನಿಸ್ತು?”

“ಎದಿ ಹರಿದು ಹೋದಂಗ ಆಗ್ತೈತ್ರಿ ಅಮ್ಮಾರೆ,” ಎಂದರು ಯಜಮಾನರು. “ಬಾಯಿ ನನ್ನ ಮಾತು ಕೇಳವಲ್ದು. ಅಳಾಕಂತ ಬಾಯಿ ತೆಗೀತೀನಿ, ಅದು ನಗ್ತೈತಿ.”

ಆ ಮಾತನ್ನು ಕೇಳಿ ನಾನು ಅಲ್ಲೇ ಗೋಡೆಗೆ ಒರಗಿ ಅತ್ತುಬಿಟ್ಟೆ. ಒಂದು ವರ್ಷ ಒಂದೇ ಚಾಪೆಯ ಮೇಲೆ ಮಲಗಿದ ನಾನು ಕೇಳದ ಪ್ರಶ್ನೆಯನ್ನು ಪರಸ್ಥಳದ ಹೆಣ್ಣುಮಗಳೊಬ್ಬರು ಕೇಳಿದ್ದರು. ಭಾವನೆ ಹುಟ್ಟುವುದೂ ಅದು ಮುಖಕ್ಕೆ ಬರುವುದೂ ಮೆದುಳಿನಲ್ಲಿ ಒಂದೇ ಕೆಲಸವಲ್ಲ, ಇವರಲ್ಲಿ ಎರಡರ ನಡುವಿನ ಹಿಡಿತ ತಪ್ಪಿದೆ ಎಂದು ಅವರು ನನಗೆ ತಿಳಿಸಿ ಹೇಳಿದರು. ಮತ್ತೊಂದು ಪೆಟ್ಟು ತಲೆಗೆ ಬೀಳದಂತೆ ನೋಡಿಕೊಳ್ಳಿ, ಬಿದ್ದರೆ ಜೀವಕ್ಕೇ ಅಪಾಯ ಎಂದು ಅಲ್ಲಿನ ಡಾಕ್ಟರರೂ ಎಚ್ಚರಿಸಿದರು.

ಕಳೆದ ತಿಂಗಳು ಮಲೆಬೆನ್ನೂರಿನ ಕೆಂಚವೀರಪ್ಪ ತೀರಿಕೊಂಡರು. ಒಂದೇ ಗಿರಣಿ, ಒಂದೇ ಪಾಳಿ, ಯಜಮಾನರಿಗೆ ಅವರಿಗಿಂತ ಹತ್ತಿರದವರಿಲ್ಲ. ಹೋಗುವುದು ಬೇಡವೆಂದು ನಾನು ಬಾಗಿಲಿಗೆ ಅಡ್ಡ ನಿಂತೆ. “ಅವನ ಮಣ್ಣಿಗೆ ಹೋಗದಿದ್ರ ನಾನ್ಯಾಕ ಬದುಕಿರಬೇಕು?” ಎಂದರು. ಹೋದೆವು. ಹೆಣ ಎತ್ತುವಾಗ ಅವರ ನಗೆ ಕಟ್ಟೆಯೊಡೆಯಿತು. ಸತ್ತವರ ತಮ್ಮ ತೋಟಪ್ಪ ಕಪಾಳಕ್ಕೆ ಹೊಡೆದರು. ಎರಡನೆಯ ಏಟು ತಲೆಯ ಕಡೆಗೆ ಬರುವಾಗ ಯಜಮಾನರು ತಳ್ಳಿದರು, ತೋಟಪ್ಪ ಮನೆಮುಂದಿನ ಕಟ್ಟೆಯ ಮೇಲಿಂದ ಬಿದ್ದು ಕೈ ಮುರಿಯಿತು. ಅವರ ಸಿಟ್ಟು ನನಗೆ ಅರ್ಥವಾಗುತ್ತದೆ. ಅಣ್ಣನ ಹೆಣದ ಮುಂದೆ ಯಾರಾದರೂ ನಕ್ಕರೆ ನಾನೂ ಹೊಡೆಯುತ್ತಿದ್ದೆನೇನೋ.

ಆದರೆ ತಮಗೆ ಸಿಟ್ಟು ಬರುವಂಥದ್ದೇನಿತ್ತು? ನಾಗರತ್ನಮ್ಮನವರು ಸಾಕ್ಷಿಗೆ ಬಂದು ನಿಂತಾಗ ತಾವು ಕೇಳಿದಿರಿ: “ಇವನು ಒಳಗೆ ಅಳ್ತಾ ಇದ್ದಾನೆ ಅಂತ ನಿಮ್ಮ ಯಂತ್ರ ಬರೆದು ಕೊಟ್ಟಿದೆಯೇನಮ್ಮ?” ಅವರು ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. “ಇಲ್ಲ, ಯಂತ್ರಕ್ಕೆ ಅಷ್ಟು ಗೊತ್ತಾಗುವುದಿಲ್ಲ. ಗಾಯ ಎಲ್ಲಿದೆ ಅಂತ ಹೇಳುತ್ತದೆ. ಉಳಿದದ್ದನ್ನು ಅವರನ್ನೇ ಕೇಳಬೇಕು,” ಎಂದರು. ತಾವು ಕಟಕಟೆಯ ಕಡೆ ತಿರುಗಿ, “ಏನಪ್ಪಾ, ಅಳ್ತಾ ಇದ್ದೀಯಾ?” ಎಂದಿರಿ. ಕೈಕೋಳ, ಪೊಲೀಸರು, ನೂರು ಕಣ್ಣು. ಯಜಮಾನರು ನಕ್ಕರು. ನ್ಯಾಯಾಲಯವೂ ನಕ್ಕಿತು. ಕ್ಷಮಿಸಬೇಕು, ತಾವೂ ನಕ್ಕಿರಿ. ಮರುಗಳಿಗೆಯೇ ಸಿಟ್ಟಾಗಿ, ಅವರ ನಗೆ ಅಗೌರವವೆಂದು ಜಾಮೀನು ನಿರಾಕರಿಸಿದಿರಿ. ಅಷ್ಟು ಜನರಲ್ಲಿ ನಗಲು ಮನಸ್ಸಿಲ್ಲದೆ ನಕ್ಕವರು ಒಬ್ಬರೇ, ಜೈಲಿಗೆ ಹೋದವರೂ ಅವರೊಬ್ಬರೇ. ಸತ್ಯ ಹೇಳಿದ ಸಂಶೋಧಕಿಗೆ ‘ನಿಮ್ಮ ವಿದ್ಯೆ ಇನ್ನೂ ಬೆಳೆಯಬೇಕು’ ಎಂಬ ಉಪದೇಶ ಸಿಕ್ಕಿತು. ವಿದ್ಯೆ ಬೆಳೆಯುವವರೆಗೆ ನನ್ನ ಗಂಡ ಒಳಗಿರಬೇಕೇ?

ಆ ದಿನ ಕೆಂಚವೀರಪ್ಪನವರ ಹೆಂಡತಿ ದುರುಗವ್ವ ನ್ಯಾಯಾಲಯದ ಹೊರಗಿನ ಜಗಲಿಯಲ್ಲಿ ಕೂತಿದ್ದು ತಮಗೆ ಗೊತ್ತಿಲ್ಲ. ಮೈದುನನ ಮಾತು ಮೀರಿ ಬಂದಿದ್ದರು. “ಮಾಳಿಂಗಣ್ಣನ ನಗಿ ನಗಿ ಅಲ್ಲ ಕಣೆ ಅಂತ ನಮ್ಮನಿಯವ್ರು ಹೇಳ್ತಿದ್ರು. ಸಾಹೇಬ್ರು ಕರದ್ರ ನಾನ್ ಹೇಳ್ತೀನಿ,” ಎಂದು ಸಂಜೆಯವರೆಗೆ ಕಾದರು. ಯಾರೂ ಕರೆಯಲಿಲ್ಲ.

ನಿನ್ನೆ ಜೈಲಿಗೆ ಹೋಗಿದ್ದೆ. ಅವರ ತುಟಿ ಒಡೆದಿತ್ತು. ನಗೆ ಬಂದಾಗಲೆಲ್ಲ ಜೊತೆಯ ಕೈದಿಗಳು, ಇವನು ನಮ್ಮನ್ನೇ ಆಡಿಕೊಳ್ಳುತ್ತಾನೆಂದು ತಿಳಿದು ಬಡಿಯುತ್ತಾರೆಂದು ಭೇಟಿಗೆ ಬಂದಿದ್ದ ಬೇರೆ ಕೈದಿಯ ಮನೆಯವರು ಹೇಳಿದರು. ಕಿವಿಯ ಮೇಲೆ ಹೊಸ ಬಾವು. ನನ್ನನ್ನು ಕಂಡೊಡನೆ ನಗತೊಡಗಿದರು. “ಗಂಡ ಹೆಂಡ್ತಿ ನಗಾಡಾಕ ಬಂದೀರೇನು? ನಡೀರಿ,” ಎಂದು ಕಾವಲಿನವನು ನನ್ನನ್ನು ಎಬ್ಬಿಸಿದ. ಒಂದು ಮಾತೂ ಆಡಲಾಗಲಿಲ್ಲ.

ಮಾನ್ಯರೇ, ನನಗೆ ಕಾನೂನು ಗೊತ್ತಿಲ್ಲ. ಸರ್ಕಾರದ ಸಂಬಳ ತಿನ್ನುವವಳು ಹೀಗೆ ಬರೆದರೆ ಏನಾಗುತ್ತದೆ ಎಂಬುದು ಗೊತ್ತಿದೆ, ಆಗಲಿ. ಇವತ್ತೇ ಅವರನ್ನು ಆ ಕೋಣೆಯಿಂದ ತೆಗೆಸಿ ಆಸ್ಪತ್ರೆಗೆ ಸೇರಿಸಿ. ಸೋಮವಾರ ದುರುಗವ್ವನನ್ನು ಒಳಗೆ ಕರೆಯಿರಿ. ಆಮೇಲೆ ಜನರನ್ನು ಹೊರಗೆ ಕಳಿಸಿ, ಕೈಕೋಳ ಬಿಚ್ಚಿಸಿ, ನನ್ನ ಗಂಡನನ್ನು ಒಂದು ಕುರ್ಚಿಯ ಮೇಲೆ ಕೂರಿಸಿ ಅದೇ ಪ್ರಶ್ನೆಯನ್ನು ಇನ್ನೊಮ್ಮೆ ಕೇಳಿ. ಅವರು ನಗುತ್ತಾರೆ. ದಯವಿಟ್ಟು ಎದ್ದು ಹೋಗಬೇಡಿ. ನಗೆ ನಿಲ್ಲುತ್ತದೆ. ನಿಂತ ಮೇಲೆ ಅವರು ಹೇಳುವುದನ್ನು ಕೇಳಿ, ಆಮೇಲೆ ತೀರ್ಪು ಬರೆಯಿರಿ.

ಇಂತಿ,
ಶಾಲೆಯ ಮಕ್ಕಳಿಗೆ ಸತ್ಯ ಹೇಳಿ ಎಂದು ಕಲಿಸಿ, ಸತ್ಯಕ್ಕೆ ಸಿಕ್ಕ ಬೆಲೆ ಕಂಡು ಈಗ ಅವರ ಮುಖ ನೋಡಲು ಅಂಜುವ
ಅಂಜಿನವ್ವ
ಹರಿಹರ